ಓಡಿದ ಗಾಡಿಯ ಹಳೆಯ ಬಾಕಿ

ಲಕ್ಷ ಕಿಲೋಮೀಟರ್ ದಾಟಿದ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಸಾಮಾನ್ಯವಾಗಿ ಒಂದೇ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮಾರುವವರು ಮೂರು ಲಕ್ಷ ಎನ್ನುತ್ತಾರೆ, ಎಳೆದಾಡಿ ಎರಡು ಮುಕ್ಕಾಲಿಗೆ ಇಳಿಸಲಾಗುತ್ತದೆ, ಕೂಡಿಟ್ಟ ಹಣವೆಲ್ಲ ಅಲ್ಲಿಗೆ ಸರಿಹೋಗುತ್ತದೆ. ಗಾಡಿ ಮನೆ ಮುಂದೆ ಬಂದು ನಿಂತು, ನಿಂಬೆಹಣ್ಣಿನ ಮೇಲೆ ಗಾಲಿ ಹಾಯ್ದು ಪೂಜೆಯೂ ಮುಗಿದ ಮೇಲೆ ಖರ್ಚು ತೀರಿತು ಎಂಬ ಸಮಾಧಾನ. ಈ ಸಮಾಧಾನವೇ ಮುಂದಿನ ತಾಪತ್ರಯದ ಮೂಲ. ಹಿಂದಿನ ಮಾಲೀಕರು ಇಂದು ನಾಳೆ ಎನ್ನುತ್ತ ಬಿಟ್ಟ ಆಯಿಲ್ ಚೇಂಜ್, ಬದಲಿಸದ ಬೆಲ್ಟ್, ಎಂದೋ ಹಾಕಿದ ಬ್ರೇಕ್ ಆಯಿಲ್, ಸವೆದ ಬುಷ್ ಇವೆಲ್ಲ ಗಾಡಿಯ ಜೊತೆಗೇ ಬರುವ ಸಾಲ. ಆರ್‌ಸಿಯಲ್ಲಿ ಹೆಸರು ಬದಲಾದ ದಿನವೇ ಈ ಸಾಲವೂ ಹೊಸಬರ ಹೆಸರಿಗೆ ಬೀಳುತ್ತದೆ. ಮಾರುವವರು ಹೇಳುವುದು ಬೆಲೆಯ ಒಂದು ಭಾಗ, ಉಳಿದದ್ದು ಬಾನೆಟ್ಟಿನ ಕೆಳಗೆ ಅಡಗಿರುತ್ತದೆ. ಆದ್ದರಿಂದ ಕೊಳ್ಳುವಾಗಲೇ ಗಾಡಿಯ ಬೆಲೆಯ ಐದನೇ ಒಂದು ಪಾಲನ್ನಾದರೂ ಬೇರೆ ತೆಗೆದಿಡಬೇಕು. ಬಾಕಿಯನ್ನು ತೀರಿಸುವಾಗ ಮೊದಲು ಜೀವ ಉಳಿಸುವ ಕೆಲಸ, ಆಮೇಲೆ ಇಂಜಿನ್ ಉಳಿಸುವ ಕೆಲಸ, ಕೊನೆಗೆ ಸೌಕರ್ಯ ಎಂಬ ಕ್ರಮ ತಪ್ಪಬಾರದು. ನಮ್ಮಲ್ಲಿ ಬಹಳ ಕಡೆ ಈ ಕ್ರಮ ತಲೆಕೆಳಗಾಗಿದೆ. ಹೊಸ ಸೀಟ್ ಕವರ್, ದೊಡ್ಡ ಸ್ಪೀಕರ್, ಟಚ್ ಸ್ಕ್ರೀನ್ ಮೊದಲ ವಾರದಲ್ಲೇ ಬರುತ್ತವೆ. ಬ್ರೇಕ್ ಲೈನರ್ ಮಾತ್ರ ಕಿರುಗುಟ್ಟಿದ ಮೇಲೆ ನೆನಪಾಗುತ್ತದೆ.

ಕೊಪ್ಪಳ ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ ಇದು. ಗಂಗಾವತಿ, ಕುಷ್ಟಗಿ, ಯಲಬುರ್ಗಾದಿಂದ ಜಿಲ್ಲಾ ಕೇಂದ್ರ ತಲುಪಲು ಸುಮಾರು ನಲವತ್ತರಿಂದ ಅರವತ್ತು ಕಿಲೋಮೀಟರ್ ದಾರಿ. ದೊಡ್ಡ ಆಸ್ಪತ್ರೆ ಬೇಕೆಂದರೆ ಹುಬ್ಬಳ್ಳಿಗೆ ನೂರು ಕಿಲೋಮೀಟರಿಗೂ ಮೀರಿದ ಓಟ. ಕುಷ್ಟಗಿಗೆ ರೈಲು ಬಂದದ್ದೇ 2025ರ ಮೇ ತಿಂಗಳಲ್ಲಿ. ರಾತ್ರಿ ಹತ್ತರ ಮೇಲೆ ಹಳ್ಳಿಗೆ ಬಸ್ಸಿಲ್ಲ. ಇಂಥ ಕಡೆ ಹಳೆಯ ಕಾರು ಎಂದರೆ ಮನೆಯ ತುರ್ತಿನ ಗಾಡಿ, ಮದುವೆಯ ಗಾಡಿ, ಹುಲಿಗಿಗೂ ಧರ್ಮಸ್ಥಳಕ್ಕೂ ಹೋಗುವ ಗಾಡಿ, ಗೊಬ್ಬರದ ಚೀಲ ಹೊರುವ ಗಾಡಿ ಎಲ್ಲವೂ ಹೌದು. ಹೊಸ ಗಾಡಿಗೆ ಎಂಟು ಹತ್ತು ಲಕ್ಷ ಹೊಂದಿಸಲಾಗದ ರೈತ, ಶಿಕ್ಷಕ, ಅಂಗಡಿಕಾರ ಕುಟುಂಬಗಳಿಗೆ ಸೆಕೆಂಡ್ ಹ್ಯಾಂಡ್ ಗಾಡಿಯೇ ಏಕೈಕ ದಾರಿ. ಕೊಳ್ಳಬೇಡಿ ಎಂದು ಅವರಿಗೆ ಉಪದೇಶ ಮಾಡುವುದರಲ್ಲಿ ಅರ್ಥವಿಲ್ಲ. ಕೊಂಡದ್ದನ್ನು ನಂಬಿಕೆಗೆ ಅರ್ಹವಾಗಿ ಮಾಡಿಕೊಳ್ಳುವುದು ಹೇಗೆ ಎಂಬುದೇ ಮುಖ್ಯ.

ಬಹಳ ಓಡಿದ ಗಾಡಿ ಎಂದರೆ ಕೆಟ್ಟ ಗಾಡಿ ಎಂದಲ್ಲ, ಇದನ್ನು ಮೊದಲೇ ಹೇಳಬೇಕು. ಸರಾಸರಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದೂವರೆ ಲಕ್ಷ ಕಿಲೋಮೀಟರ್ ಓಡಲು 3,750 ಗಂಟೆ ಬೇಕು. ಇಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗಿದೆ ಎಂದಿಟ್ಟುಕೊಂಡರೂ ಕ್ರ್ಯಾಂಕ್ ಶಾಫ್ಟ್ ಅಷ್ಟರಲ್ಲಿ 45 ಕೋಟಿ ಸುತ್ತು ಹಾಕಿರುತ್ತದೆ. ಲೋಹದ ಮೇಲೆ ಲೋಹ 45 ಕೋಟಿ ಬಾರಿ ತಿರುಗಿಯೂ ಇಂಜಿನ್ ಸ್ತಬ್ಧವಾಗದೆ ಉಳಿದಿದೆ ಎಂದರೆ ನಡುವೆ ಒಂದು ತೆಳುವಾದ ಆಯಿಲ್ ಪದರ ತನ್ನ ಕೆಲಸ ಮಾಡಿದೆ ಎಂದರ್ಥ. ಹತ್ತು ಸಾವಿರ ಕಿಲೋಮೀಟರಿಗೋ ವರ್ಷಕ್ಕೋ ಒಮ್ಮೆ, ಯಾವುದು ಮೊದಲೋ ಅದರಂತೆ ಆಯಿಲ್ ಬದಲಿಸಿಕೊಂಡು ಹೆದ್ದಾರಿಯಲ್ಲಿ ಎರಡು ಲಕ್ಷ ಓಡಿದ ಗಾಡಿ, ಊರೊಳಗೆ ಮಾರ್ಕೆಟ್ಟಿಗೂ ಶಾಲೆಗೂ ಅರವತ್ತು ಸಾವಿರ ಮಾತ್ರ ಓಡಿ ಮೂರು ವರ್ಷಕ್ಕೊಮ್ಮೆ ಆಯಿಲ್ ಕಂಡ ಗಾಡಿಗಿಂತ ಎಷ್ಟೋ ಮೇಲು. ಮೀಟರಿನ ಅಂಕಿ ಗಾಡಿಯ ವಯಸ್ಸು ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಆರೋಗ್ಯ ಹೇಳುವುದು ಬಿಲ್ಲುಗಳು.

ಬಿಲ್ಲುಗಳು ಸಿಗುವುದಿಲ್ಲ ಎನ್ನುವುದೇ ನಮ್ಮ ಕಷ್ಟ. ಬೆಂಗಳೂರಿನಲ್ಲಿ ಹಳದಿ ಬೋರ್ಡಿನಲ್ಲಿ ಓಡಿ ಆಮೇಲೆ ಬಿಳಿ ಬೋರ್ಡಿಗೆ ಬದಲಾದ ಡಿಸೈರ್, ಇಟಿಯೋಸ್‌ಗಳು ಎರಡು ಮೂರು ಕೈ ದಾಟಿ ಬಂದಿರುತ್ತವೆ. ಮೀಟರ್ ತಿರುಗಿಸುವುದು ಕಳ್ಳತನವೇ ಆದರೂ ಅಪರೂಪದ ಕೆಲಸವಲ್ಲ. ಎಪ್ಪತ್ತು ಸಾವಿರ ತೋರಿಸುವ ಗಾಡಿಯ ಬ್ರೇಕ್ ಪೆಡಲಿನ ರಬ್ಬರ್ ನುಣುಪಾಗಿ ಅಂಚು ಹರಿದಿದ್ದರೆ, ಸ್ಟೇರಿಂಗ್ ಮೇಲಿನ ಗೆರೆಗಳು ಮಾಸಿ ಹೊಳೆಯುತ್ತಿದ್ದರೆ, ಚಾಲಕನ ಸೀಟಿನ ಬಲ ಅಂಚು ಕುಸಿದಿದ್ದರೆ ಅಂಕಿಗಿಂತ ಆ ಗುರುತುಗಳನ್ನೇ ನಂಬಬೇಕು. ಚಾಸಿಸ್ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿದರೆ ಅಲ್ಲಿ ಕೊನೆಯ ಬಾರಿ ಸರ್ವಿಸ್ ಆದ ತಾರೀಕು, ಆಗಿನ ಮೀಟರ್ ಅಂಕಿ ಬಹಳ ಸಲ ತಿಳಿಯುತ್ತದೆ. ಮೊದಲ ನಾಲ್ಕು ವರ್ಷ ಸಾಲಾಗಿ ದಾಖಲೆ ಇದ್ದು ಆಮೇಲೆ ಏನೂ ಇಲ್ಲವಾದರೆ ಬಾಕಿ ಶುರುವಾದದ್ದು ಎಲ್ಲಿಂದ ಎಂಬುದು ಗೊತ್ತಾದಂತೆಯೇ. ಇಲ್ಲಿ ಪಾಲಿಸಬೇಕಾದ ನಿಯಮ ಸರಳ: ಬಿಲ್ಲು ಇರುವ ಕೆಲಸ ಆಗಿದೆ, ಬಿಲ್ಲು ಇಲ್ಲದ ಕೆಲಸ ಆಗಿಲ್ಲ. ‘ಹೋದ ದೀಪಾವಳಿಗೆ ಎಲ್ಲಾ ಮಾಡಿಸೇವ್ರೀ’ ಎಂಬ ಬಾಯಿಮಾತನ್ನು ಬಾಕಿಯಿಂದ ಕಳೆಯಬಾರದು.

ಬಾಕಿ ತೀರಿಸುವುದನ್ನು ನಿಲ್ಲುವ ಶಕ್ತಿಯಿಂದ ಶುರು ಮಾಡಬೇಕು. ಓಡದ ಗಾಡಿ ಯಾರನ್ನೂ ಕೊಲ್ಲುವುದಿಲ್ಲ, ನಿಲ್ಲದ ಗಾಡಿ ಕೊಲ್ಲುತ್ತದೆ. ಬ್ರೇಕ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಮುಂದಿನ ಪ್ಯಾಡ್, ಹಿಂದಿನ ಲೈನರ್. ಯಾರೂ ನೋಡದಿರುವುದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿರುವ ತೇವವನ್ನು ವರ್ಷದಿಂದ ವರ್ಷಕ್ಕೆ ಹೀರಿಕೊಳ್ಳುತ್ತದೆ. ಹೊಸ ಡಾಟ್-4 ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬಿಸಿ ಬೇಕು ಎಂಬುದು ಮಾನದಂಡ. ನೂರರಲ್ಲಿ ನಾಲ್ಕು ಪಾಲಿಗಿಂತ ಕಡಿಮೆ ನೀರು ಸೇರಿದರೂ ಆ ಮಿತಿ 155 ಡಿಗ್ರಿಗೆ ಇಳಿದುಬಿಡುತ್ತದೆ. ಕೊಪ್ಪಳದ ಬಯಲಿನಲ್ಲಿ ಓಡಾಡುವಾಗ ಇದರ ಸುಳಿವೇ ಸಿಗುವುದಿಲ್ಲ. ಅದೇ ಗಾಡಿಯಲ್ಲಿ ಏಳು ಮಂದಿಯನ್ನು ಕೂರಿಸಿಕೊಂಡು, ಮೇಲೆ ಲಗೇಜು ಕಟ್ಟಿ ಧರ್ಮಸ್ಥಳಕ್ಕೆ ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಬ್ರೇಕ್ ಒತ್ತಿ ಡಿಸ್ಕ್ ಕಾಯುತ್ತದೆ, ಆಯಿಲಿನಲ್ಲಿರುವ ನೀರು ಆವಿಯಾಗುತ್ತದೆ, ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಹೊಸದು ತಿಳಿಜೇನಿನ ಬಣ್ಣದಲ್ಲಿರುತ್ತದೆ, ಹಳೆಯದು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ಆಯಿಲಿಗೆ ತಗಲುವುದು ಕೆಲವು ನೂರು ರೂಪಾಯಿ, ಒಂದು ಗಂಟೆಯ ಕೆಲಸ. ಮೇಲಿನಿಂದ ಸ್ವಲ್ಪ ಸುರಿದು ತುಂಬಿಸಿದರೆ ಬದಲಿಸಿದಂತಲ್ಲ. ನಾಲ್ಕೂ ಗಾಲಿಗಳಿಂದ ಹಳೆಯದನ್ನು ಪೂರ್ತಿ ಹೊರಗೆ ತೆಗೆಸಬೇಕು, ಅದೇ ಹೊತ್ತಿಗೆ ಹಿಂದಿನ ವೀಲ್ ಸಿಲಿಂಡರ್ ಸೋರುತ್ತಿದೆಯೇ ಎಂದು ನೋಡಿಸಬೇಕು.

ಟೈರಿನ ವಿಷಯದಲ್ಲಿ ಹಲ್ಲು ಇದೆಯಲ್ಲ ಎಂಬ ಮಾತು ಸಾಲದು. ಕಾರಿನ ಟೈರಿನ ಹಲ್ಲು 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರವೂ ಅದು ಮುಗಿದ ಟೈರು. ಅಷ್ಟಕ್ಕೆ ಗುರುತಾಗಿ ಹಲ್ಲುಗಳ ನಡುವೆ ಪುಟ್ಟ ದಿಬ್ಬಗಳನ್ನು ಕಂಪನಿಯೇ ಇಟ್ಟಿರುತ್ತದೆ. ಕಡಿಮೆ ಓಡಿದ ಮನೆಗಾಡಿಗಳಲ್ಲಿ ಕಾಣುವುದು ಇನ್ನೊಂದು ಬಗೆಯ ಅಪಾಯ: ಹಲ್ಲು ತುಂಬಿದೆ, ರಬ್ಬರ್ ಸತ್ತಿದೆ. ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ, ವರ್ಷ ಹೇಳುತ್ತವೆ. 2317 ಎಂದಿದ್ದರೆ 2017ರ 23ನೇ ವಾರ. ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಎಂಟೊಂಬತ್ತು ವರ್ಷ ಬೆಂದ ಟೈರಿನ ಪಕ್ಕೆಗಳಲ್ಲಿ ಕೂದಲೆಳೆಯಂಥ ಬಿರುಕುಗಳಿರುತ್ತವೆ. ಹೊಸಪೇಟೆಯಿಂದ ಕುಷ್ಟಗಿ ಮೇಲೆ ವಿಜಯಪುರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ನೂರರ ವೇಗ ಸುಲಭ. ಗಾಳಿ ಕಡಿಮೆ ಇರುವ ಹಳೆಯ ಟೈರು ಸಿಡಿಯುವುದು ಅಲ್ಲೇ. ಇದರ ಜೊತೆಗೆ ಗಾಡಿಯನ್ನು ಜಾಕ್ ಮೇಲೆ ಎತ್ತಿ ಮುಂದಿನ ಗಾಲಿಯನ್ನು ಮೇಲೆ ಕೆಳಗೆ, ಆಚೆ ಈಚೆ ಅಲ್ಲಾಡಿಸಿ ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ನೋಡಿಸುವುದು ಹತ್ತು ನಿಮಿಷದ ಕೆಲಸ. ಗುಂಡಿಯಲ್ಲಿ ‘ಕಟಕ್’ ಎನ್ನುವ ಲಿಂಕ್ ರಾಡ್ ಕಿರಿಕಿರಿ ಮಾಡುತ್ತದಷ್ಟೇ, ಬಾಲ್ ಜಾಯಿಂಟ್ ಕಳಚಿದರೆ ಗಾಲಿಯೇ ಮಡಚಿಕೊಳ್ಳುತ್ತದೆ. ಎರಡೂ ಒಂದೇ ರೀತಿ ಸದ್ದು ಮಾಡುವುದರಿಂದ ಸದ್ದಿಗೆ ಒಗ್ಗಿಹೋಗುವುದು ಕೆಟ್ಟ ಅಭ್ಯಾಸ.

ಜೀವದ ಬಾಕಿ ತೀರಿದ ಮೇಲೆ ಇಂಜಿನ್ ಸರದಿ. ನಮ್ಮ ಜಿಲ್ಲೆಯ ಮಟ್ಟಿಗೆ ಇದರಲ್ಲಿ ಮೊದಲ ಸ್ಥಾನ ನೀರಿಗೆ ಕೊಡಬೇಕು. ಕುಷ್ಟಗಿ, ಯಲಬುರ್ಗಾ ಸೀಮೆಯ ಬೋರಿನ ನೀರು ಎಂದರೆ ಫ್ಲೋರೈಡ್ ನೆನಪಾಗುತ್ತದೆ. ಗಾಡಿಗೆ ಕುತ್ತು ತರುವುದು ಫ್ಲೋರೈಡ್ ಅಲ್ಲ, ನೀರಿನ ಗಡಸುತನ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕೆಲವೇ ತಿಂಗಳಲ್ಲಿ ಕೂರುವ ಬಿಳಿ ಪೊರೆಯನ್ನು ಎಲ್ಲ ಮನೆಯವರೂ ಬಲ್ಲರು. ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳ ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಸಿಲಿಂಡರ್ ಸುತ್ತಲಿನ ನೀರಿನ ದಾರಿಗಳಲ್ಲೂ ಕಟ್ಟುತ್ತದೆ. ಕೂಲಂಟ್ ಖಾಲಿಯಾದಾಗಲೆಲ್ಲ ಹೊಲದ ಬೋರಿನಿಂದ, ದಾಬಾದ ಟ್ಯಾಂಕಿನಿಂದ ಬಾಟಲಿ ತುಂಬಿ ಸುರಿದ ಗಾಡಿಯಲ್ಲಿ ಆ ದಾರಿಗಳು ಒಳಗೊಳಗೇ ಕಟ್ಟಿಕೊಳ್ಳುತ್ತಿರುತ್ತವೆ. ಚಳಿಗಾಲದಲ್ಲಿ ಏನೂ ಆಗುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಎಸಿ ಹಾಕಿಕೊಂಡು ಗಂಗಾವತಿಯ ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿಯ ಮುಳ್ಳು ಏರುತ್ತದೆ, ಹೆಡ್ ಸೊಟ್ಟಾಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಕೂಲಂಟ್ ಬಣ್ಣದ ನೀರಲ್ಲ. ಅದು ಕುದಿಯುವ ಬಿಂದುವನ್ನು ಏರಿಸುತ್ತದೆ, ತುಕ್ಕನ್ನು ತಡೆಯುತ್ತದೆ. ಆ ತಡೆಯುವ ಗುಣ ಎರಡು ಮೂರು ವರ್ಷಕ್ಕೆ ಸವೆದುಹೋಗುವುದರಿಂದಲೇ ಬದಲಿಸಬೇಕು. ಹಳೆಯದನ್ನು ಪೂರ್ತಿ ಬಸಿದು, ಡಿಸ್ಟಿಲ್ಡ್ ನೀರಿನಿಂದ ಎರಡು ಸಲ ತೊಳೆದು, ಕಂಪನಿ ಹೇಳಿದ ಕೂಲಂಟ್ ಹಾಕಿ, ಮೆದುವಾದ ಹೋಸ್ ಪೈಪುಗಳನ್ನೂ ರೇಡಿಯೇಟರಿನ ಮುಚ್ಚಳವನ್ನೂ ಬದಲಿಸಿದರೆ ಈ ಬಾಕಿ ತೀರುತ್ತದೆ. ಒತ್ತಡ ಹಿಡಿಯುವ ಆ ಮುಚ್ಚಳ ಇಡೀ ವ್ಯವಸ್ಥೆಯಲ್ಲೇ ಅಗ್ಗದ ಸಾಮಾನು. ಸಡಿಲವಾದರೆ ಕೂಲಂಟ್ ಕಡಿಮೆ ಬಿಸಿಯಲ್ಲೇ ಕುದಿದು ಹೊರಚೆಲ್ಲುತ್ತದೆ.

ಇಲ್ಲೇ ಗ್ಯಾರೇಜುಗಳ ಒಂದು ರೂಢಿಯ ಬಗ್ಗೆ ಖಡಾಖಂಡಿತವಾಗಿ ಹೇಳಬೇಕು. ಗಾಡಿ ಬಿಸಿಯಾಗುತ್ತಿದೆ ಎಂದರೆ ಥರ್ಮೋಸ್ಟಾಟ್ ವಾಲ್ ತೆಗೆದು ಬಿಸಾಡುವ ಪದ್ಧತಿ ನಮ್ಮ ಕಡೆ ಇದೆ. ‘ನಮ್ಮ ಬಿಸಲಿಗೆ ಅದು ಬೇಕಾಗಿಲ್ರೀ’ ಎಂಬುದು ಅದಕ್ಕೆ ಕೊಡುವ ಕಾರಣ. ಈ ವಾಲ್ ಇಂಜಿನ್ ಎಂಬತ್ತು ಚಿಲ್ಲರೆ ಡಿಗ್ರಿಗೆ ಬರುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು ಇಂಜಿನನ್ನು ಬೇಗ ಸರಿಯಾದ ಬಿಸಿಗೆ ತರುತ್ತದೆ. ಅದಿಲ್ಲದಿದ್ದರೆ ಮುಂಜಾನೆ ಹೊರಟ ಗಾಡಿ ಹತ್ತಾರು ಕಿಲೋಮೀಟರ್ ತಣ್ಣಗೇ ಓಡುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಆಯಿಲಿನಲ್ಲಿ ತೇವ ಉಳಿದು ಕೆಸರು ಕಟ್ಟುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಗಾಡಿ ಬಿಸಿಯಾಗಲು ಬಹಳ ಸಲ ಕಾರಣ ಕಟ್ಟಿಕೊಂಡ ರೇಡಿಯೇಟರ್. ಶಿಕ್ಷೆ ಮಾತ್ರ ವಾಲ್‌ಗೆ. ಹಳೆಯ ಗಾಡಿ ಕೊಂಡವರು ವಾಲ್ ಇದೆಯೇ ಎಂದು ಕೇಳಿ, ಇಲ್ಲವಾದರೆ ಹಾಕಿಸಲೇಬೇಕು.

ಇನ್ನು ಟೈಮಿಂಗ್ ಬೆಲ್ಟ್. ಇದು ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ, ಆದ್ದರಿಂದ ನಿಮ್ಮ ಗಾಡಿಯಲ್ಲಿ ಬೆಲ್ಟೋ ಚೈನೋ ಎಂಬುದನ್ನು ಮೊದಲು ತಿಳಿಯಬೇಕು. ಸ್ವಿಫ್ಟ್, ಡಿಸೈರ್‌ಗಳ 1.3 ಲೀಟರ್ ಡೀಸೆಲ್ ಇಂಜಿನಿನಲ್ಲಿರುವುದು ಚೈನ್. ಅದಕ್ಕೆ ಬದಲಿಸುವ ಗಡುವಿಲ್ಲ, ಒಳ್ಳೆಯ ಆಯಿಲ್ ಇದ್ದರೆ ಸಾಕು. 2005ರಿಂದ 2016ರವರೆಗೆ ಮಾರಾಟವಾದ ಮೊದಲ ಇನ್ನೋವಾದ 2.5 ಲೀಟರ್ ಡೀಸೆಲ್ ಇಂಜಿನಿನಲ್ಲಿ, ಹಳೆಯ ಇಂಡಿಕಾ ಡೀಸೆಲ್, ಸ್ಯಾಂಟ್ರೊ, ಮಾರುತಿ 800ಗಳಲ್ಲಿ ಇರುವುದು ರಬ್ಬರ್ ಬೆಲ್ಟ್. ಸಾಮಾನ್ಯವಾಗಿ ಎಂಬತ್ತು ಸಾವಿರದಿಂದ ಒಂದೂವರೆ ಲಕ್ಷ ಕಿಲೋಮೀಟರ್ ಒಳಗೆ, ಗಾಡಿಯ ಪುಸ್ತಕ ಹೇಳುವಂತೆ ಅದನ್ನು ಬದಲಿಸಬೇಕು. ಗಾಡಿ ಓಡದೆ ನಿಂತಿದ್ದರೂ ವರ್ಷ ಕಳೆದಂತೆ ರಬ್ಬರ್ ಸಾಯುತ್ತದೆ. ಈ ಬೆಲ್ಟ್ ತುಂಡಾಗುವ ಮುನ್ನ ಸದ್ದಿಲ್ಲ, ಸೂಚನೆಯಿಲ್ಲ. ತುಂಡಾದ ಕ್ಷಣದಲ್ಲಿ ಡೀಸೆಲ್ ಇಂಜಿನಿನ ಪಿಸ್ಟನ್ ಮೇಲೆ ಬಂದು ತೆರೆದು ನಿಂತ ವಾಲ್‌ಗಳಿಗೆ ಗುದ್ದುತ್ತದೆ, ವಾಲ್ ಬಾಗುತ್ತವೆ, ಕೆಲವೊಮ್ಮೆ ಹೆಡ್ಡೇ ಹೋಗುತ್ತದೆ. ‘ಇಂಜಿನ್ ಇನ್ನೂ ಬಿಚ್ಚಿಲ್ಲ’ ಎಂದು ಮಾರುವವರು ಹೆಮ್ಮೆಯಿಂದ ಹೇಳುವ ಮಾತನ್ನು ಇನ್ನೋವಾ ಕೊಳ್ಳುವವರು ಬೇರೆ ಕಿವಿಯಿಂದ ಕೇಳಬೇಕು. ಎರಡು ಲಕ್ಷ ಓಡಿದ ಗಾಡಿಯ ಮುಂಭಾಗ ಬಿಚ್ಚಿಯೇ ಇಲ್ಲವಾದರೆ ಬೆಲ್ಟ್ ಬದಲಾಗಿಲ್ಲ ಎಂದೇ ಅರ್ಥ. ಬೆಲ್ಟ್ ಜೊತೆಗೆ ಟೆನ್ಷನರ್, ಐಡ್ಲರ್ ಬೇರಿಂಗುಗಳನ್ನೂ, ಆ ಬೆಲ್ಟಿನಿಂದಲೇ ತಿರುಗುವುದಾದರೆ ವಾಟರ್ ಪಂಪನ್ನೂ ಒಟ್ಟಿಗೇ ಬದಲಿಸುವುದು ಜಾಣತನ. ಮಜೂರಿ ಒಂದೇ ಸಲ ಬೀಳುತ್ತದೆ.

ಆಯಿಲ್ ಮತ್ತು ಧೂಳಿನ ಕತೆ ಒಂದಕ್ಕೊಂದು ಹೆಣೆದದ್ದು. ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತದ ಕೊಯ್ಲಿನ ಧೂಳು, ಅಕ್ಕಿ ಗಿರಣಿಗಳ ತೌಡಿನ ಧೂಳು. ಗಿಣಿಗೇರಿ ಸುತ್ತ ಕಾರ್ಖಾನೆಗಳ ಕಪ್ಪು ಬೂದಿ. ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿಗಳ ಪುಡಿ. ಯಲಬುರ್ಗಾದ ಎರೆಹೊಲಗಳ ದಾರಿಯಲ್ಲಿ ಬೇಸಿಗೆಯ ಸುಳಿಗಾಳಿ. ಕಂಪನಿಯ ಪುಸ್ತಕದಲ್ಲಿ ಏರ್ ಫಿಲ್ಟರಿಗೆ ಬರೆದ ಗಡುವು ಸಾಧಾರಣ ರಸ್ತೆಗೆ. ಧೂಳಿನ ಪ್ರದೇಶದಲ್ಲಿ ಬೇಗ ಬದಲಿಸಿ ಎಂದು ಅದೇ ಪುಸ್ತಕದಲ್ಲಿ ಇರುತ್ತದೆ, ಓದುವವರು ಕಡಿಮೆ. ಕಂಪ್ರೆಸರ್ ಗಾಳಿ ಹೊಡೆದು ಅದೇ ಕಾಗದದ ಫಿಲ್ಟರನ್ನು ಐದಾರು ಸಲ ಬಳಸಿದರೆ ಅದರ ಎಳೆಗಳು ಹರಿದು ಸೂಕ್ಷ್ಮ ಮರಳು ಸಿಲಿಂಡರಿಗೆ ನುಗ್ಗುತ್ತದೆ, ರಿಂಗ್ ಸವೆಯುತ್ತದೆ, ಕೊನೆಗೆ ಸೈಲೆನ್ಸರಿನಲ್ಲಿ ನೀಲಿ ಹೊಗೆ. ಬಾಕಿ ಬಿದ್ದ ಗಾಡಿಗೆ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ನಾಲ್ಕನ್ನೂ ಒಂದೇ ದಿನ ಬದಲಿಸಿ ಅಲ್ಲಿಂದ ಹೊಸ ಲೆಕ್ಕ ಶುರು ಮಾಡುವುದು ಸರಿಯಾದ ದಾರಿ. ಆದರೆ ಒಂದು ಎಚ್ಚರಿಕೆ. ಆಯಿಲ್ ತುಂಬುವ ಮುಚ್ಚಳದ ಒಳಗೆ ಕಪ್ಪು ಕೆಸರು ಗಟ್ಟಿಯಾಗಿ ಕೂತಿದ್ದರೆ ಇಂಜಿನ್ ಫ್ಲಶ್ ಹಾಕಿ ಒಂದೇ ಏಟಿಗೆ ತೊಳೆಯಲು ಹೋಗಬಾರದು. ಕಿತ್ತು ಬಂದ ಕೆಸರು ಸಂಪಿನಲ್ಲಿರುವ ಜಾಲರಿಗೆ ಅಡ್ಡ ಕೂತು ಆಯಿಲ್ ಮೇಲೇರದೆ ಬೇರಿಂಗ್ ಕಚ್ಚುತ್ತದೆ. ಒಳ್ಳೆಯ ಆಯಿಲ್ ಹಾಕಿ ಎರಡು ಮೂರು ಸಾವಿರ ಕಿಲೋಮೀಟರಿಗೇ ಮತ್ತೆ ಬದಲಿಸಿ, ಹೀಗೆ ಎರಡು ಮೂರು ಸುತ್ತು ಮಾಡಿದರೆ ಕೆಸರು ನಿಧಾನವಾಗಿ ಕರಗಿ ಬರುತ್ತದೆ. ವರ್ಷಗಳ ಅಲಕ್ಷ್ಯವನ್ನು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಲು ಆಗುವುದಿಲ್ಲ.

ಇದಕ್ಕೆಲ್ಲ ಎದುರಾಗುವ ಮೊದಲ ಮಾತು ಎಲ್ಲರಿಗೂ ಗೊತ್ತಿರುವುದೇ: ‘ನಡಿಯೋ ಗಾಡಿಗೆ ಯಾಕ ಕೈ ಹಚ್ಚತೀರಿ?’ ಈ ಮಾತಿನಲ್ಲಿ ಸತ್ಯದ ಅಂಶವಿದೆ. ಸರಿಯಾಗಿ ಓಡುತ್ತಿರುವ ಇಂಜಿನನ್ನು ಅನುಮಾನಕ್ಕೆ ಬಿಚ್ಚುವುದು, ಕಾರಣವಿಲ್ಲದೆ ಇಂಜೆಕ್ಟರ್ ಕೀಳುವುದು, ಗೇರ್‌ಬಾಕ್ಸ್ ತೆರೆಯುವುದು ಹಾನಿಯೇ. ಆದರೆ ಆಯಿಲ್, ಬೆಲ್ಟ್, ಕೂಲಂಟ್, ಲೈನರ್ ಇವು ಸವೆಯಲೆಂದೇ ಮಾಡಿದ ಸಾಮಾನುಗಳು. ಇವನ್ನು ಬದಲಿಸುವುದು ಕೈ ಹಚ್ಚುವುದಲ್ಲ. ಇಷ್ಟು ದಿನ ನಡೆದಿದೆ, ಆದ್ದರಿಂದ ನಾಳೆಯೂ ನಡೆಯುತ್ತದೆ ಎಂಬ ತರ್ಕ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಈ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ, ಮುನಿರಾಬಾದ್ ಬಳಿ ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ನೀರು ಹಿಡಿದ ಅಣೆಕಟ್ಟೆ ಅದು. ಸ್ಟಾಪ್‌ಲಾಗ್ ಇಳಿಸಿ ನೀರು ತಡೆಯುವಷ್ಟರಲ್ಲಿ ಸುಮಾರು ಒಂದು ವಾರ ಕಳೆದು, ಗಂಗಾವತಿಯಿಂದ ಸಿಂಧನೂರಿನವರೆಗೆ ಭತ್ತ ನಾಟಿ ಮಾಡಿದವರು ನಿದ್ದೆಗೆಟ್ಟಿದ್ದರು. ಆಮೇಲೆ ಪರಿಶೀಲಿಸಿದ ತಜ್ಞರು 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿದರು. ಅಣೆಕಟ್ಟೆಯಲ್ಲಾಗಲಿ ಕಾರಿನಲ್ಲಾಗಲಿ ಸವೆತ ತಾನಾಗಿ ಬಂದು ವರದಿ ಕೊಡುವುದಿಲ್ಲ, ನಾವೇ ಹೋಗಿ ನೋಡಬೇಕು.

ಎರಡನೆಯ ಆಕ್ಷೇಪ ಹಣದ್ದು, ಮತ್ತು ಅದು ನ್ಯಾಯವಾದದ್ದು. ಎರಡೂವರೆ ಲಕ್ಷ ಹೊಂದಿಸುವಷ್ಟರಲ್ಲೇ ಬಂಗಾರ ಬ್ಯಾಂಕಿಗೆ ಹೋಗಿರುತ್ತದೆ, ಇನ್ನೂ ಐವತ್ತು ಸಾವಿರ ಎಲ್ಲಿಂದ ತರುವುದು? ಕ್ರಮ ಬೇಕಾಗುವುದು ಇದೇ ಕಾರಣಕ್ಕೆ. ಎಲ್ಲವನ್ನೂ ಒಂದೇ ದಿನ ಮಾಡಿಸಬೇಕಿಲ್ಲ. ಬ್ರೇಕ್, ಟೈರ್, ಸ್ಟೇರಿಂಗ್ ಪರೀಕ್ಷೆ, ಆಯಿಲ್ ಫಿಲ್ಟರುಗಳು ಮೊದಲ ತಿಂಗಳು. ಬೆಲ್ಟ್ ಇರುವ ಗಾಡಿಯಾದರೆ ಅದೂ ಮೊದಲ ತಿಂಗಳೇ, ಅದಕ್ಕೆ ವಾಯಿದೆ ಇಲ್ಲ. ಕೂಲಂಟ್, ಹೋಸ್ ಪೈಪುಗಳು ಬೇಸಿಗೆಗೆ ಮುಂಚೆ. ಗೇರ್ ಆಯಿಲ್, ಸಸ್ಪೆನ್ಷನ್ ಬುಷ್, ಶಾಕ್ ಅಬ್ಸಾರ್ಬರ್ ಮುಂದಿನ ಸುಗ್ಗಿಯ ಹೊತ್ತಿಗೆ. ಪೇಂಟಿಂಗ್, ಸೀಟು, ಮ್ಯೂಸಿಕ್ಕಿನ ಮಾತು ಅದಾದ ಮೇಲೆ. ಗಾಡಿಗೇ ಎರಡೂವರೆ ಲಕ್ಷವಾದರೆ ರಿಪೇರಿಗೆ ಐವತ್ತು ಸಾವಿರ ಹಾಕುವುದು ಹುಚ್ಚು ಎನ್ನುವವರು ಹೋಲಿಸುವುದು ತಪ್ಪು ಅಂಕಿಯ ಜೊತೆ. ಮಾರುವ ಬೆಲೆಯ ಜೊತೆ ಹೋಲಿಸಿದರೆ ಅದು ದುಬಾರಿ. ಹೊಸ ಗಾಡಿಯ ಸಾಲಕ್ಕೆ ತಿಂಗಳಿಗೆ ಹನ್ನೆರಡು ಹದಿನೈದು ಸಾವಿರ ಕಂತು ಎಂದರೆ ಅದೇ ಐವತ್ತು ಸಾವಿರ ನಾಲ್ಕು ತಿಂಗಳ ಕಂತು. ನಾಲ್ಕು ತಿಂಗಳ ಕಂತಿನ ಹಣದಲ್ಲಿ ಇನ್ನೂ ಮೂರು ನಾಲ್ಕು ವರ್ಷ ನೆಚ್ಚಿಕೊಂಡು ಓಡಿಸುವ ಗಾಡಿ ಸಿಗುತ್ತದೆ. ರಿಪೇರಿಗೆ ಹಾಕಿದ ಹಣ ಮಾರುವಾಗ ಹಿಂದಿರುಗುವುದಿಲ್ಲ ಎಂಬುದು ನಿಜ. ಅದನ್ನು ಓಡಾಟದಲ್ಲಿ ಪಡೆಯಬೇಕು.

ಹಾಗೆಂದು ಎಲ್ಲ ಗಾಡಿಗಳ ಬಾಕಿಯೂ ತೀರಿಸಲು ಯೋಗ್ಯವಲ್ಲ. ಚಾಸಿಸ್ಸಿನಲ್ಲಿ, ಸಸ್ಪೆನ್ಷನ್ ಕೂರುವ ಜಾಗದಲ್ಲಿ ತುಕ್ಕು ತಿಂದು ತೂತಾಗಿದ್ದರೆ, ದೊಡ್ಡ ಅಪಘಾತದಲ್ಲಿ ಬಾಡಿ ಎಳೆಸಿ ನಿಲ್ಲಿಸಿದ್ದರೆ, ಕಂಪ್ರೆಷನ್ ಬಿದ್ದು ನೀಲಿ ಹೊಗೆ ಬಿಡುತ್ತಿದ್ದರೆ ಅಲ್ಲಿ ಹಣ ಸುರಿಯಬಾರದು. ಇವನ್ನು ಕೊಳ್ಳುವ ಮುಂಚೆಯೇ ನಂಬಿಗಸ್ತ ಮೆಕ್ಯಾನಿಕ್ ಕೈಯಲ್ಲಿ ನೋಡಿಸಬೇಕು. ಹದಿನೈದು ವರ್ಷವಾದರೆ ಗಾಡಿ ಗುಜರಿಗೆ ಎಂಬ ಭಯವೂ ಹಲವರಲ್ಲಿದೆ. ಹತ್ತು ಹದಿನೈದು ವರ್ಷದ ನಿರ್ಬಂಧ ದೆಹಲಿ ಮತ್ತು ಸುತ್ತಲಿನ ಪ್ರದೇಶದ್ದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆರ್‌ಟಿಒ ಪರೀಕ್ಷೆ ದಾಟಿದರೆ ಐದು ವರ್ಷಕ್ಕೊಮ್ಮೆ ನವೀಕರಿಸಬಹುದು. 2022ರ ಏಪ್ರಿಲ್‌ನಿಂದ ಕಾರಿನ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ, ಆದ್ದರಿಂದ ಹದಿನಾಲ್ಕು ವರ್ಷದ ಗಾಡಿಯ ಬೆಲೆ ಮಾತಾಡುವಾಗ ಅದನ್ನೂ ಕಳೆದು ಮಾತಾಡಬೇಕು. ಕಾಗದದ ಬಾಕಿಯೂ ಬಾಕಿಯೇ. ಕೊಂಡ 30 ದಿನದೊಳಗೆ ಹೆಸರು ಬದಲಿಸಲು ಅರ್ಜಿ ಹಾಕಬೇಕು, 14 ದಿನದೊಳಗೆ ವಿಮೆ ಕಂಪನಿಗೆ ತಿಳಿಸಬೇಕು. ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರಿದವರೂ ನಿಶ್ಚಿಂತೆಯಿಂದ ಕೂರುವಂತಿಲ್ಲ.

ಗ್ಯಾರೇಜಿನವರು ಸುಮ್ಮನೆ ಬಿಲ್ಲು ಬೆಳೆಸುತ್ತಾರೆ ಎಂಬುದು ಉಳಿದ ಅನುಮಾನ. ಅನುಮಾನಕ್ಕೆ ಮದ್ದು ಬರವಣಿಗೆ. ಗಾಡಿ ಬಿಡುವಾಗ ಮಾಡಿಸಬೇಕಾದ ಕೆಲಸಗಳನ್ನು ಚೀಟಿಯಲ್ಲಿ ಬರೆದು ಕೊಟ್ಟು, ಪಟ್ಟಿಯಲ್ಲಿಲ್ಲದ ಕೆಲಸ ಕಂಡರೆ ಫೋನ್ ಮಾಡಿ ಎಂದು ಹೇಳಬೇಕು. ಸಾಮಾನನ್ನು ಕಂಪನಿಯ ಪ್ಯಾಕಿನಲ್ಲಿ ಬಿಲ್ಲಿನ ಸಮೇತ ತರಿಸಬೇಕು, ಬಿಚ್ಚಿದ ಹಳೆಯ ಸಾಮಾನನ್ನು ಡಿಕ್ಕಿಯಲ್ಲಿ ಇಡಲು ಹೇಳಬೇಕು. ಶೋರೂಮಿನಲ್ಲೇ ಮಾಡಿಸಬೇಕೆಂಬ ಕಟ್ಟುಪಾಡಿಲ್ಲ. ಹದಿನೈದು ಇಪ್ಪತ್ತು ವರ್ಷ ಒಂದೇ ಬಗೆಯ ಇಂಜಿನ್ ಮೇಲೆ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ಗಳು ನಮ್ಮ ಊರುಗಳಲ್ಲೇ ಇದ್ದಾರೆ. ಅವರಿಗೆ ಬೇಕಾದದ್ದು ಅಸಲಿ ಸಾಮಾನು, ಸಾಕಷ್ಟು ಸಮಯ. ‘ಸಂಜಿಕ ಬೇಕ್ರೀ, ನಾಳೆ ಮದುವಿ ಐತಿ’ ಎಂದು ಅವಸರಿಸಿದರೆ ಯಾರ ಕೆಲಸವೂ ಕೆಡುತ್ತದೆ.

ಕಾರು ಕೊಳ್ಳುವವರಿಗೆ ಇಷ್ಟು ಹೇಳಿದ ಮೇಲೆ ಮಾರುವವರಲ್ಲೂ ಒಂದು ವಿನಂತಿ. ಗಾಡಿ ನಿಮ್ಮ ಕೈಯಲ್ಲಿದ್ದಷ್ಟು ದಿನ ಮಾಡಿಸಿದ ಕೆಲಸದ ಬಿಲ್ಲುಗಳನ್ನು ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲೇ ಇಡಿ, ಮಾರುವಾಗ ಎರಡನೆಯ ಕೀಲಿ ಮತ್ತು ಆರ್‌ಸಿಯ ಜೊತೆಗೆ ಆ ಕಟ್ಟನ್ನೂ ಕೊಡಿ. ಮಾಡಿಸದೆ ಬಿಟ್ಟದ್ದು ಇದ್ದರೆ ಬಾಯಿಬಿಟ್ಟು ಹೇಳಿ, ಐದು ಹತ್ತು ಸಾವಿರ ಕಡಿಮೆಗೆ ಮಾರಿದರೂ ಪರವಾಗಿಲ್ಲ. ಆ ಗಾಡಿಯಲ್ಲಿ ನಾಳೆ ಒಂದು ಮನೆಯವರೆಲ್ಲ ಕೂತು ಹೆದ್ದಾರಿಗೆ ಇಳಿಯುತ್ತಾರೆ.